ಅಳಿಯಂದಿರ ರೊಮೇನಿಯನ್ ಪಾಠ

ಸಾರಿಗೆ ಹುಳಿಪುಡಿ ಬಿದ್ದರೆ ಯಾರ ಪ್ರಾಣವೂ ಹೋಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಅಮ್ಮ ಹಾಸನದಲ್ಲಿ ಮೆಣಸಿನಕಾಯಿ, ಕೊತ್ತಂಬರಿ ಬೀಜ ಒಣಗಿಸಿ, ಹುರಿದು, ಮಿಲ್ಲಿನಲ್ಲಿ ಬೀಸಿಸಿ, ಎರಡೆರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಸೂಟ್‌ಕೇಸಿನ ಸೀರೆಗಳ ನಡುವೆ ಹುದುಗಿಸಿ ಇಂಗ್ಲೆಂಡಿನ ಲೀಡ್ಸ್‌ವರೆಗೆ ತಂದು, ಡಬ್ಬಗಳಿಗೆ ತುಂಬಿ, ತನ್ನ ಕೈಯಾರೆ ‘ಸಾರಿನ ಪುಡಿ’, ‘ಹುಳಿಪುಡಿ’ ಎಂದು ಬರೆದು ಅಂಟಿಸಿ ಹೋದ ಚೀಟಿಗಳ ಮೇಲೆ ಇನ್ನೊಬ್ಬರು ಹಳದಿ ಚೀಟಿ ಮೆತ್ತಿದರೆ ಸಿಟ್ಟು ಬರದೆ ಇರುತ್ತದೆಯೇ? ಎರಡೂ ಡಬ್ಬಗಳ ಮೇಲೆ ಈಗ ‘ಕೊಂಡಿಮೆಂತೆ’ ಎಂದೇ ಇದೆ. ರೊಮೇನಿಯನ್ನರಿಗೆ ಎರಡೂ ಮಸಾಲೆಯೇ ಅಂತೆ. ಹಾಗೆಂದು ಹೇಳಿದ್ದು ರೊಮೇನಿಯನ್ನರಲ್ಲ, ರೊಮೇನಿಯನ್ ಕಲಿಯಲು ಹೊರಟಿರುವ ನಮ್ಮ ಯಜಮಾನರು.

ನಮ್ಮವರು ಅಪ್ಪಟ ಇಂಗ್ಲಿಷರು, ಹುಟ್ಟಿ ಬೆಳೆದದ್ದೆಲ್ಲ ಯಾರ್ಕ್‌ಷೈರಿನಲ್ಲಿ. ಅವರ ತಾತ ಮಾತ್ರ ಹುಟ್ಟಿದ್ದು ಚೆರ್ನೌತ್ಸಿ ಎಂಬ ಊರಿನಲ್ಲಿ. ಆ ಊರು 1918ರವರೆಗೆ ಆಸ್ಟ್ರಿಯಾದ ಚಕ್ರವರ್ತಿಗೆ ಸೇರಿತ್ತು, ಆಮೇಲೆ ರೊಮೇನಿಯಾಕ್ಕೆ ಬಂತು, 1940ರಲ್ಲಿ ಸೋವಿಯತ್ ಒಕ್ಕೂಟ ಅದನ್ನು ಕಿತ್ತುಕೊಂಡಿತು, ಮರುವರ್ಷ ರೊಮೇನಿಯಾ ಮರಳಿ ಪಡೆಯಿತು, 1944ರಲ್ಲಿ ಮತ್ತೆ ಕಳೆದುಕೊಂಡಿತು. 1991ರಿಂದ ಅದು ಉಕ್ರೇನಿನ ಚೆರ್ನಿವ್ತ್ಸಿ. ತಾತ ಹುಟ್ಟಿದ ಹೊತ್ತಿಗೆ ಅಲ್ಲಿ ರೊಮೇನಿಯಾದ ಧ್ವಜ ಹಾರುತ್ತಿತ್ತು ಎಂಬ ಒಂದೇ ಕಾರಣಕ್ಕೆ ನನ್ನ ಅಡುಗೆಮನೆಯಲ್ಲಿ ಇಂದು ಜೀರಿಗೆಗೂ ಸಾಸಿವೆಗೂ ಹೊಸದಾಗಿ ನಾಮಕರಣ ನಡೆದಿದೆ.

ಬ್ರೆಕ್ಸಿಟ್ ಆಗುವವರೆಗೆ ಈ ತಾತನ ಊರಿನ ವಿಚಾರ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇತ್ತು. ಯೂರೋಪಿನ ಯಾವುದೇ ವಿಮಾನ ನಿಲ್ದಾಣದಲ್ಲಿ ಇಳಿದರೂ ಅವರು ಒಂದು ಬಾಗಿಲಿನಿಂದ ಸುಳಿದಾಡುವ ಗಾಳಿಯಂತೆ ಹೊರಟುಹೋಗುತ್ತಿದ್ದರು, ನಾನು ಮಾತ್ರ ‘ಇತರರು’ ಎಂಬ ಫಲಕದ ಕೆಳಗೆ ಹೋಟೆಲ್ ಬುಕಿಂಗಿನ ಕಾಗದ, ಬ್ಯಾಂಕಿನ ಸ್ಟೇಟ್‌ಮೆಂಟ್ ಹಿಡಿದು ನಿಲ್ಲುತ್ತಿದ್ದೆ. ಆಚೆ ಬದಿಯಲ್ಲಿ ಅವರು ಕಾಫಿ ಕುಡಿಯುತ್ತ, ‘ಇಷ್ಟು ಹೊತ್ತು ಏಕಾಯಿತು?’ ಎಂದು ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದರು. ಕಷ್ಟಪಟ್ಟು ಪರೀಕ್ಷೆ ಬರೆದು, ಶುಲ್ಕ ಕಟ್ಟಿ ನಾನು ಬ್ರಿಟಿಷ್ ಪ್ರಜೆಯಾದೆ. ಅಷ್ಟರಲ್ಲಿ ಬ್ರಿಟನ್ನೇ ಯೂರೋಪಿನ ಒಕ್ಕೂಟದಿಂದ ಹೊರಗೆ ಬಂತು. 2021ರಿಂದ ಇಬ್ಬರೂ ‘ಇತರರು’. ಪಾಸ್‌ಪೋರ್ಟಿಗೆ ಮುದ್ರೆ, 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ ಎಂಬ ಲೆಕ್ಕ, ಎಲ್ಲವೂ ಇಬ್ಬರಿಗೂ ಸಮಪಾಲಾಯಿತು. ದಾಂಪತ್ಯದಲ್ಲಿ ಅಂಥ ಸಮಾನತೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವರಿಗೆ ಮಾತ್ರ ಅದು ಸಹಿಸಲಾಗದ ಅವಮಾನವಾಗಿ, ಅಟ್ಟದ ಮೇಲಿದ್ದ ತಾತನ ಪೆಟ್ಟಿಗೆ ಕೆಳಗಿಳಿಯಿತು. ರೊಮೇನಿಯಾ ಆ ಒಕ್ಕೂಟದ ದೇಶವಲ್ಲವೇ, ಅದರ ಪಾಸ್‌ಪೋರ್ಟ್ ಸಿಕ್ಕರೆ ಹಳೆಯ ಬಾಗಿಲು ಮತ್ತೆ ತೆರೆಯುತ್ತದೆ.

ರೊಮೇನಿಯಾದ 1991ರ ಪೌರತ್ವ ಕಾಯ್ದೆಯ 11ನೇ ವಿಧಿ ಉದಾರವಾದದ್ದು. ತಮ್ಮ ತಪ್ಪಿಲ್ಲದೆ ಆ ದೇಶದ ಪೌರತ್ವ ಕಳೆದುಕೊಂಡವರಿಗೂ ಅವರ ಮೂರನೆಯ ತಲೆಮಾರಿನವರೆಗಿನ ಸಂತತಿಗೂ ಅದು ಬಾಗಿಲು ತೆರೆದಿಟ್ಟಿದೆ. ಹೆಂಡತಿಗೆ ಆ ಬಾಗಿಲಿಲ್ಲ ಎಂಬುದನ್ನು ಇಲ್ಲಿ ಸುಮ್ಮನೆ ದಾಖಲಿಸುತ್ತೇನೆ. ವರ್ಷಗಟ್ಟಲೆ ಈ ಅರ್ಜಿಗೆ ಕಾಗದಪತ್ರ ಸಾಕಾಗುತ್ತಿತ್ತು, ಭಾಷೆಯ ಪ್ರಮಾಣಪತ್ರ ಬೇಕಿರಲಿಲ್ಲ. ನಮ್ಮವರು ಕಾಗದಗಳನ್ನು ಒಂದೊಂದಾಗಿ, ನಿಧಾನವಾಗಿ, ಇಂಗ್ಲಿಷರ ಗಾಂಭೀರ್ಯದಿಂದ ಕೂಡಿಸುತ್ತ ಕುಳಿತರು. 2025ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಬಿ1 ಮಟ್ಟದ ರೊಮೇನಿಯನ್ ಬರುತ್ತದೆಂದು ಪ್ರಮಾಣಪತ್ರ ತರಬೇಕೆಂದಾಯಿತು. ಯೂರೋಪಿನ ಭಾಷಾ ಅಳತೆಯ ಆರು ಮೆಟ್ಟಿಲುಗಳಲ್ಲಿ ಅದು ಮೂರನೆಯದು. ಈ ವಿಧಿಯ ಪ್ರಯೋಜನ ಪಡೆಯುವವರಲ್ಲಿ ಹೆಚ್ಚಿನವರು ಪಕ್ಕದ ಮಾಲ್ಡೋವಾದವರು, ಅವರ ಮನೆಮಾತೇ ರೊಮೇನಿಯನ್. ನಮ್ಮವರ ಮನೆಮಾತು ಹವಾಮಾನ.

ಅಂದಿನಿಂದ ನಮ್ಮ ಮನೆಯಲ್ಲಿ ನಸುಕಿನಲ್ಲಿ ಸ್ನಾನದ ಕೋಣೆಯಿಂದ ವಿಚಿತ್ರ ಸದ್ದುಗಳು ಹೊರಡುತ್ತವೆ. ರೊಮೇನಿಯನ್ನಿನಲ್ಲಿ ‘ಎ’ ಅಕ್ಷರದ ಮೇಲೆ ಟೋಪಿ ಇಟ್ಟರೂ ‘ಐ’ ಅಕ್ಷರದ ಮೇಲೆ ಟೋಪಿ ಇಟ್ಟರೂ ಒಂದೇ ಉಚ್ಚಾರ. ಎಲ್ಲಿ ಯಾವುದಕ್ಕೆ ಟೋಪಿ ಎಂದು ಅಲ್ಲಿನ ಅಕಾಡೆಮಿ 1993ರಲ್ಲಿ ನಿಯಮ ಬದಲಿಸಿದ ಮೇಲೂ ಒಪ್ಪದವರು ಇದ್ದಾರಂತೆ. ಆ ಸ್ವರವನ್ನು ಹಿಡಿಯಲು ಇವರು ಕನ್ನಡಿಯ ಮುಂದೆ ಹಲ್ಲು ಕಿರಿದು ವಾರಗಟ್ಟಲೆ ಒದ್ದಾಡಿದರು. ಮನೆಗೆ ಬಂದಿದ್ದ ಮಂಗಳೂರಿನ ಗೆಳತಿ ಒಮ್ಮೆ ಕೇಳಿ, ತುಳುವಿನ ಪದಗಳ ಕೊನೆಯಲ್ಲಿ ಬರುವ ಅರೆ ಉಕಾರದಂತೆ ಅದನ್ನು ಮೊದಲ ಸಲಕ್ಕೇ ಅಂದುಬಿಟ್ಟಳು. ಇವರು ಅವಳನ್ನು ಮತ್ತೆ ಊಟಕ್ಕೆ ಕರೆಯುವ ಮಾತೆತ್ತಿಲ್ಲ.

ನನಗೆ ಇದರಲ್ಲಿ ಅಸೂಯೆಯೇ ಎಂದು ಕೇಳಿದರೆ, ಹೌದು. ಮದುವೆಯ ಮೊದಲ ವರ್ಷ ಇವರಿಗೆ ಕನ್ನಡ ಕಲಿಸಲು ನಾನು ಕುಳಿತಿದ್ದೆ. ‘ಬಂದನು, ಬಂದಳು, ಬಂದಿತು’ ಎಂಬಲ್ಲಿಗೆ ಬಂದಾಗ, ಯಾರು ಬಂದರು ಎಂದು ಮೊದಲೇ ಹೇಳಿದ ಮೇಲೆ ಕ್ರಿಯಾಪದಕ್ಕೂ ಅದರ ಉಸಾಬರಿ ಏಕೆ, ಇದು ಮನುಷ್ಯರು ಕಲಿಯಬಹುದಾದ ಭಾಷೆಯಲ್ಲ ಎಂದು ಪುಸ್ತಕ ಮುಚ್ಚಿದವರು ಇವರೇ. ವಿಭಕ್ತಿ ಪ್ರತ್ಯಯಗಳು ನಾಮಪದದ ಬಾಲಕ್ಕೆ ಅಂಟಿಕೊಳ್ಳುವುದನ್ನು ನೋಡಿ ತಲೆನೋವೆಂದು ಮಲಗಿದವರೂ ಇವರೇ. ಈಗ ನೋಡಿದರೆ ರೊಮೇನಿಯನ್ನಿನಲ್ಲಿ ಒಂದು ಕುರ್ಚಿಯಿದ್ದಾಗ ಅದು ಗಂಡು, ಎರಡಾದ ಕೂಡಲೇ ಹೆಣ್ಣು. ಇಂಗ್ಲಿಷಿನ ‘ದ’ ಎಂಬುದು ಅಲ್ಲಿ ಪದದ ಬಾಲಕ್ಕೆ ಅಂಟುತ್ತದೆ. ಹತ್ತೊಂಬತ್ತು ವರ್ಷ ಎನ್ನುವಾಗ ನಡುವೆ ಏನೂ ಬೇಡ, ಇಪ್ಪತ್ತು ವರ್ಷ ಎನ್ನಬೇಕಾದರೆ ಸಂಖ್ಯೆಗೂ ವರ್ಷಕ್ಕೂ ನಡುವೆ ‘ದೆ’ ಎಂಬ ಒಂದು ಹೆಚ್ಚುವರಿ ಸೇರಿಕೊಳ್ಳಬೇಕು. ಇದನ್ನೆಲ್ಲ ಅವರು ಊಟದ ಮೇಜಿನಲ್ಲಿ ಕಣ್ಣರಳಿಸಿ, ‘ಎಷ್ಟು ಸೊಗಸಾದ ತರ್ಕ!’ ಎಂದು ನನಗೆ ವಿವರಿಸುತ್ತಾರೆ. ಅಂದ ಹಾಗೆ ಆ ಮೇಜಿನ ಮೇಲೆ ಈಗ ಮಮಲಿಗ ಇರುತ್ತದೆ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಗಂಟಾಗದಂತೆ ಕೋಲಿನಿಂದ ತಿರುವಿ ಗಟ್ಟಿಯಾಗಿಸುವ ಅಡುಗೆ. ಹಾಸನದಲ್ಲಿ ಅಮ್ಮ ಬಿಸಿಬಿಸಿ ರಾಗಿಮುದ್ದೆ ಬಡಿಸಿದಾಗ ಗಂಟಲಿನಲ್ಲಿ ಇಳಿಯುವುದಿಲ್ಲ ಎಂದು ಬ್ರೆಡ್ ಕೇಳಿದ ಮಹಾನುಭಾವರು ಇದನ್ನು ಎರಡೆರಡು ಸಲ ಹಾಕಿಸಿಕೊಳ್ಳುತ್ತಾರೆ. ತಿರುವುವ ಕೆಲಸ ಯಾರದೆಂದು ಬೇರೆ ಹೇಳಬೇಕಿಲ್ಲ.

ಆದರೆ ಹೇಳಲೇಬೇಕಾದದ್ದು ಅಮ್ಮನ ಪ್ರಸಂಗ. ಪರೀಕ್ಷೆಯಲ್ಲಿ ಓದುವುದು, ಬರೆಯುವುದು, ಕೇಳಿ ತಿಳಿಯುವುದರ ಜೊತೆಗೆ ಮಾತನಾಡುವ ಭಾಗವೂ ಇದೆ. ತನ್ನ ಹೆಸರು, ಊರು, ಕೆಲಸ, ಮನೆ, ದಿನಚರಿ, ಬಿಡುವಿನ ಹವ್ಯಾಸ, ಕಳೆದ ರಜೆಯಲ್ಲಿ ಹೋದ ಸ್ಥಳ, ಇವನ್ನೆಲ್ಲ ಎದುರಿಗೆ ಕುಳಿತ ಪರೀಕ್ಷಕರಿಗೆ ಅಳುಕಿಲ್ಲದೆ ಹೇಳಬೇಕು. ನನ್ನನ್ನು ಪರೀಕ್ಷಕಿಯಾಗಿ ಕೂರಿಸಿಕೊಂಡು ನೋಡಿದರು. ನಾನು ನಗುತ್ತೇನೆ ಎಂದು ಬಿಟ್ಟರು. ಮಗಳು ಸಂಬಳ ಕೇಳಿದಳು. ಹೀಗಿರುವಾಗ ಒಂದು ಭಾನುವಾರ ನಾನು ಅಮ್ಮನಿಗೆ ವಿಡಿಯೊ ಕರೆ ಮಾಡಿ, ಒಲೆಯ ಮೇಲಿನ ಹಾಲು ಉಕ್ಕಿತೆಂದು ಎದ್ದು ಹೋದೆ. ಮರಳಿ ಬರುವಷ್ಟರಲ್ಲಿ ನಮ್ಮವರು ನನ್ನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು, ಅತ್ತೆಗೆ ‘ಬುನಾ ಜಿವಾ’ ಎಂದು ಕೈಮುಗಿದು, ಉರುಹಚ್ಚಿದ ಸ್ವಪರಿಚಯವನ್ನು ಮೊದಲಿನಿಂದ ಒಪ್ಪಿಸುತ್ತಿದ್ದರು.

ಅತ್ತ ಹಾಸನದಲ್ಲಿ ಅಮ್ಮ ಫೋನನ್ನು ಕಾಫಿ ಫಿಲ್ಟರಿಗೆ ಒರಗಿಸಿ, ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಅಳಿಯಂದಿರು ಇಷ್ಟು ವರ್ಷಗಳಲ್ಲಿ ‘ನಮಸ್ಕಾರ, ಚೆನ್ನಾಗಿದ್ದೀರಾ’ ಎಂದು ಹೇಳಿ ತೆರೆಯಿಂದ ಮಾಯವಾಗುತ್ತಿದ್ದವರು, ಇಂದು ಕುಳಿತು ಇಷ್ಟೊಂದು ಮಾತನಾಡುತ್ತಿದ್ದಾರೆಂಬ ಸಂತೋಷದಲ್ಲಿ ಅವಳು ಭಾಷೆ ಯಾವುದೆಂದು ವಿಚಾರಿಸುವ ಗೋಜಿಗೇ ಹೋಗಲಿಲ್ಲ. ಇವರು ಹುಟ್ಟಿದ ಊರು ಹೇಳಿದರೆ ‘ಹೌದಾ’ ಎಂದಳು. ದಿನಚರಿ ಹೇಳಿದರೆ ‘ಪಾಪ’ ಎಂದಳು. ಬಿಡುವಿನಲ್ಲಿ ಬೆಟ್ಟ ಹತ್ತುತ್ತೇನೆ ಎಂದಾಗ, ಏನೋ ಕಷ್ಟ ಹೇಳಿಕೊಳ್ಳುತ್ತಿದ್ದಾರೆಂದು ತಿಳಿದು, ‘ಎಲ್ಲ ಸರಿಹೋಗತ್ತೆ, ಯೋಚನೆ ಮಾಡಬೇಡಿ. ಊಟ ಆಯ್ತಾ?’ ಎಂದು ಕೇಳಿದಳು. ಅದು ಪರೀಕ್ಷಕರ ಮುಂದಿನ ಪ್ರಶ್ನೆಯೆಂದು ಭಾವಿಸಿದ ಇವರು ‘ದಾ, ದಾ’ ಎಂದು ತಲೆಯಾಡಿಸಿ, ತಾವು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಳ್ಳುವ ಬಗೆಯನ್ನು ವಿಸ್ತಾರವಾಗಿ ವರ್ಣಿಸಿದರು. ಅಮ್ಮ ಅದಕ್ಕೆ ಪ್ರತಿಯಾಗಿ ಪಕ್ಕದ ಮನೆಯವರು ಕಾಂಪೌಂಡಿನ ವಿಷಯದಲ್ಲಿ ತೆಗೆದ ಜಗಳವನ್ನು ಹೇಳಿದಳು. ಒಬ್ಬರು ಉಸಿರೆಳೆದುಕೊಳ್ಳುವಾಗ ಇನ್ನೊಬ್ಬರು ಮಾತನಾಡಿದರು. ನಾನು ಹಾಲಿನ ಪಾತ್ರೆ ಹಿಡಿದು ಹಿಂದೆ ನಿಂತಿದ್ದೆ. ಅನುವಾದಕಿಯ ಅಗತ್ಯ ಯಾರಿಗೂ ಕಾಣಲಿಲ್ಲ.

ಅಂದಿನಿಂದ ಭಾನುವಾರದ ಕರೆ ಅವರದಾಗಿದೆ. ಅಮ್ಮನಷ್ಟು ಒಳ್ಳೆಯ ಪರೀಕ್ಷಕಿ ರೊಮೇನಿಯಾದ ರಾಜಧಾನಿ ಬುಖಾರೆಸ್ಟಿನಲ್ಲೂ ಸಿಗಲಾರಳು ಎಂಬುದು ಅವರ ವಾದ: ತಪ್ಪು ಹಿಡಿಯುವುದಿಲ್ಲ, ನಡುವೆ ಬಾಯಿ ಹಾಕುವುದಿಲ್ಲ, ಮುಖ ನೋಡಿದರೆ ಎಲ್ಲವೂ ಅರ್ಥವಾದಂತೆ ಧೈರ್ಯ ಬರುತ್ತದೆ. ಅಮ್ಮನೂ ಈಗ ಮಾತು ಮುಗಿಸುವಾಗ ‘ಮುಲ್ತುಮೆಸ್ಕು’ ಎಂದು ಹಾಸನದ ಉಕಾರ ಸೇರಿಸಿ ಧನ್ಯವಾದ ಹೇಳುತ್ತಾಳೆ. ನನ್ನ ಜೊತೆ ಮಾತಿಗೆ ಸಿಗುವುದು ಆಮೇಲಿನ ಎರಡು ನಿಮಿಷ. ‘ಅಳಿಯಂದಿರು ಎಷ್ಟು ಚೆನ್ನಾಗಿ ಮಾತಾಡ್ತಾರೆ ಕಣೇ, ನೀನೇ ಅವರನ್ನ ಮಾತಾಡಕ್ಕೆ ಬಿಡ್ತಿರಲಿಲ್ಲ’ ಎಂದು ಮೊನ್ನೆ ನನಗೇ ಬೈದಳು. ಇದಕ್ಕೆ ನಾನು ಯಾವ ಭಾಷೆಯಲ್ಲಿ ಉತ್ತರ ಕೊಡಲಿ?

ಭಾರತದ ಮೇಲೂ ನನಗೆ ಒಂದು ಆಕ್ಷೇಪವಿದೆ. ಇವರಿಗೆ ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಲು ಬಿಡುವ ಓಸಿಐ ಕಾರ್ಡ್ ಕೊಡುವಾಗ ನಮ್ಮ ಸರಕಾರ ಮದುವೆಯಾಗಿ ಎರಡು ವರ್ಷವಾಗಿದೆಯೇ ಎಂದು ನೋಡಿತೇ ಹೊರತು ‘ಅತ್ತೆಯ ಜೊತೆ ಮಾತನಾಡಲು ಬರುತ್ತದೆಯೇ’ ಎಂದು ಕೇಳಲಿಲ್ಲ. ಭಾರತದ ಪೂರ್ಣ ಪೌರತ್ವವನ್ನೇ ಬಯಸುವ ವಿದೇಶಿಯರಿಗೆ ಮಾತ್ರ 1955ರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಒಂದು ಷರತ್ತಿದೆ: ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೊಂದು ಭಾಷೆ ಸಾಕಷ್ಟು ಬರಬೇಕು. ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಇದನ್ನು ನಾನು ಇವರಿಗೆ ಓದಿ ಹೇಳಿದೆ. ಆ ಪಾಸ್‌ಪೋರ್ಟ್ ಹಿಡಿದರೆ ಯಾವ ಸಾಲಿನಲ್ಲಿ ನಿಲ್ಲಬೇಕೆಂದು ಕೇಳಿದರು.

ಸಿಟ್ಟು ಪೂರ್ತಿ ಏರದಂತೆ ತಡೆದಿರುವುದು ಅದೇ ತಾತನ ಪೆಟ್ಟಿಗೆ. ಅವರ ಮನೆಯಲ್ಲಿ ಆಡುತ್ತಿದ್ದದ್ದು ಜರ್ಮನ್. ಊರಿನ ಕಚೇರಿಗಳಲ್ಲಿ ‘ರೊಮೇನಿಯನ್ ಮಾತ್ರ ಮಾತನಾಡಿ’ ಎಂಬ ಫಲಕಗಳಿದ್ದವೆಂದೂ, ಬಾಯಿ ತಪ್ಪಿ ಜರ್ಮನ್ ಬಂದರೆ ಗುಮಾಸ್ತ ತಲೆಯೆತ್ತದೆ ಕಾಯಿಸುತ್ತಿದ್ದನೆಂದೂ ತಾತ ಹೇಳುತ್ತಿದ್ದರಂತೆ. 1938ರ ಜನವರಿಯಲ್ಲಿ ಯೆಹೂದಿಗಳ ಪೌರತ್ವವನ್ನು ಮರುಪರಿಶೀಲಿಸುವ ಆಜ್ಞೆ ಹೊರಟು, ಎರಡು ಲಕ್ಷಕ್ಕೂ ಹೆಚ್ಚು ಜನರ ಹೆಸರು ಪಟ್ಟಿಯಿಂದ ಅಳಿಸಿಹೋಯಿತು. ಅದರಲ್ಲಿ ಈ ಮನೆಯೂ ಒಂದು. ಇಂಗ್ಲೆಂಡಿಗೆ ಬಂದ ಮೇಲೆ ತಾತ ಆ ಭಾಷೆಯ ಒಂದು ಪದವನ್ನೂ ಮಕ್ಕಳ ಮುಂದೆ ಆಡಲಿಲ್ಲ, ಜರ್ಮನ್ನನ್ನೂ ಆಡಲಿಲ್ಲ. ಮೊಮ್ಮಗ ಈಗ ರಾತ್ರಿ ಹೊತ್ತಿನಲ್ಲಿ, ಪೌರತ್ವ ಸಿಕ್ಕಾಗ ಸ್ವೀಕರಿಸಬೇಕಾದ ಪ್ರಮಾಣವಚನವನ್ನು ಈಗಿನಿಂದಲೇ ಉರುಹೊಡೆಯುವುದನ್ನು ಕೇಳುವಾಗ, ಆ ತಾತ ಎದುರಿಗಿದ್ದರೆ ನಗುತ್ತಿದ್ದರೋ ಎದ್ದು ಹೋಗುತ್ತಿದ್ದರೋ ಎಂದು ನನಗೆ ಬಗೆಹರಿಯುವುದಿಲ್ಲ. ಅಂಥ ರಾತ್ರಿಗಳಲ್ಲಿ ನಾನು ಮಮಲಿಗಕ್ಕೆ ಸ್ವಲ್ಪ ತುಪ್ಪ ಹೆಚ್ಚು ಹಾಕುತ್ತೇನೆ.

ಹಾಗೆಂದು ಮಸಾಲೆ ಡಬ್ಬಗಳ ವಿಷಯದಲ್ಲಿ ರಾಜಿಯಿಲ್ಲ. ಆ ಹಳದಿ ಚೀಟಿಗಳನ್ನು ಇವತ್ತೇ ಕಿತ್ತೆ, ಅಮ್ಮನ ಅಕ್ಷರಗಳಲ್ಲಿ ಅರ್ಧ ಅದರ ಜೊತೆಗೇ ಎದ್ದುಬಂತು. ಪರೀಕ್ಷೆ ಮುಂದಿನ ತಿಂಗಳಿದೆ. ಅದಾದ ಮೇಲೆ ಕಡತ ಬುಖಾರೆಸ್ಟಿಗೆ ಹೋಗಬೇಕು, ಅದರೊಳಗೆ ನಮ್ಮ ಮದುವೆಯ ಪ್ರಮಾಣಪತ್ರವೂ ಇರಬೇಕು. ಮದುವೆ ನೋಂದಾಯಿಸಿದ್ದು ಹಾಸನದಲ್ಲಿ, ಪ್ರಮಾಣಪತ್ರದ ಮುಖ್ಯ ಭಾಗಗಳೆಲ್ಲ ಕನ್ನಡದಲ್ಲಿ, ಕೆಳಗಿನ ದುಂಡು ಮೊಹರೂ ಕನ್ನಡದಲ್ಲಿ. ಅದಕ್ಕೆ ದೆಹಲಿಯಿಂದ ಅಪಾಸ್ಟಿಲ್ ಎಂಬ, ಹೊರದೇಶದಲ್ಲೂ ನಡೆಯುವ ದೃಢೀಕರಣ ಹಾಕಿಸಿ, ಒಂದಕ್ಷರ ಬಿಡದೆ ರೊಮೇನಿಯನ್ನಿಗೆ ಅನುವಾದ ಮಾಡಿಸಬೇಕಂತೆ. ಕನ್ನಡದಿಂದ ನೇರವಾಗಿ ರೊಮೇನಿಯನ್ನಿಗೆ ಅನುವಾದಿಸುವ ಅಧಿಕೃತರು ನಮಗಿನ್ನೂ ಸಿಕ್ಕಿಲ್ಲ. ನಿನ್ನೆ ರಾತ್ರಿ ಇವರು ಆ ಕಾಗದವನ್ನು ನನ್ನ ಮುಂದೆ ಬಿಡಿಸಿಟ್ಟು, ಮೊಹರಿನ ಮೇಲೆ ಬೆರಳಿಟ್ಟು, ಇದರಲ್ಲಿ ಏನು ಬರೆದಿದೆ ಎಂದು ಬಹಳ ವಿನಯದಿಂದ ಕೇಳಿದರು. ನಾನು ಕಾಗುಣಿತದ ಪುಸ್ತಕ ತಂದು ಅವರ ಕೈಗೆ ಕೊಟ್ಟಿದ್ದೇನೆ.