ಯಾವ ಫೈಲಿನವನು ನಾನು?

ಎಲ್ಲಾ ಕಂಪನಿಗೂ ಒಂದೇ ರೆಸ್ಯೂಮ್ ಕಳಿಸಬಾರದಂತೆ. ಕೆಲಸಕ್ಕೆ ತಕ್ಕಂತೆ ತಿದ್ದಬೇಕಂತೆ. ಸರಿ, ತಿದ್ದಿದೆ. ಈಗ ನನ್ನ ಲ್ಯಾಪ್‌ಟಾಪಿನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಅಂತ ನನ್ನ ಅವತಾರಗಳು ಸಾಲಾಗಿ ನಿಂತಿವೆ. ಒಂದರಲ್ಲಿ ನಾನು ಏಕಾಂತಪ್ರಿಯ. ಇನ್ನೊಂದರಲ್ಲಿ ನಾಲ್ಕು ಜನ ಇಲ್ಲದಿದ್ದರೆ ಕೈಯೇ ಓಡದವನು. ಎರಡೂ ಸುಳ್ಳಲ್ಲ ಬಿಡಿ. ಬೆಳಿಗ್ಗೆ ಹಾಗೆ, ಮಧ್ಯಾಹ್ನ ಹೀಗೆ.

ಬಹಳ ಕಡೆ ಅರ್ಜಿ ಮೊದಲು ಹೋಗಿ ಬೀಳುವುದು ಎಟಿಎಸ್ ಅನ್ನೋ ಸಾಫ್ಟ್‌ವೇರಿನ ಬಾಯಿಗೆ. ಜಾಹೀರಾತಿನಲ್ಲಿದ್ದ ಪದ ನಮ್ಮಲ್ಲೂ ಇದೆಯಾ ಅಂತ ಎಚ್‌ಆರ್‌ನವರು ಅದರಲ್ಲಿ ಹುಡುಕುತ್ತಾರೆ. ಅವರು ‘ಕ್ಲೈಂಟ್ ಮ್ಯಾನೇಜ್‌ಮೆಂಟ್’ ಅಂದಿದ್ದರೆ ನಾವೂ ಹಾಗೇ ಅನ್ನಬೇಕು. ‘ಬೈಸಿಕೊಂಡೂ ನಗ್ತಾ ಫೋನ್ ಇಟ್ಟೆ’ ಅಂತ ಬರೆದರೆ ನಡೆಯಲ್ಲ. ಚೆಂದ ಕಾಣಲಿ ಅಂತ ಎರಡು ಕಾಲಂ ಮಾಡಿದರೆ ಅದು ಎಡದ ಸಾಲಿಗೆ ಬಲದ ಸಾಲನ್ನು ಸೇರಿಸಿ ಓದಿತು. ಫಾರಂ ತಾನಾಗೇ ತುಂಬಿಕೊಂಡಾಗ ನನ್ನ ಹಿಂದಿನ ಹುದ್ದೆ ‘ಸೀನಿಯರ್ ಈಜು ಎಕ್ಸಿಕ್ಯೂಟಿವ್’ ಆಗಿತ್ತು. ಹವ್ಯಾಸಗಳು ಪಕ್ಕದ ಕಾಲಂನಲ್ಲಿದ್ದವು.

ಹೀಗೆ ತಿದ್ದೋದೇನು ಇವತ್ತಿನ ಚಾಳಿಯಲ್ಲ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನ್ ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾ ಹತ್ತಿರ ಕೆಲಸ ಕೇಳಿ ಪತ್ರ ಬರೆದ. ಸೇತುವೆ, ಫಿರಂಗಿ, ಸುರಂಗ, ಮುಚ್ಚಿದ ಯುದ್ಧರಥ, ಹೀಗೆ ಪಟ್ಟಿಯೋ ಪಟ್ಟಿ. ಓದುವವನಿಗೆ ಏನು ಬೇಕು ಅಂತ ಗೊತ್ತಿತ್ತು, ಅಲ್ವಾ? ಚಿತ್ರ ಬರೆಯೋಕೂ ಬರುತ್ತೆ ಅನ್ನೋದು ಕಟ್ಟಕಡೆಗೆ. ಅಂಥವನೇ ಚಿತ್ರಕಲೆಯನ್ನು ‘ಇತರೆ’ಗೆ ತಳ್ಳಿದ ಮೇಲೆ, ನಾನು ನನ್ನ ಕವನದ ಹುಚ್ಚನ್ನು ಅಳಿಸಿದ್ದು ಯಾವ ಲೆಕ್ಕ!

ಫಜೀತಿ ಇರೋದು ಫೋನ್ ಬಂದಾಗ.

“ಸರ್, ನಿಮ್ಮ ರೆಸ್ಯೂಮ್ ತುಂಬಾ ಇಷ್ಟ ಆಯ್ತು. ನಿಮ್ಮ ಬಗ್ಗೆ ಸ್ವಲ್ಪ ಹೇಳಿ.”

ಯಾವ ನನ್ನ ಬಗ್ಗೆ? ಫೈಲ್ ಹುಡುಕಿ ಸಿಗೋವರೆಗೆ ಕೆಮ್ಮಿದೆ. ‘ಇದೇ ಫೈನಲ್’ ತೆರೆದುಕೊಂಡಿತು. “ನಂಗೆ ಸುತ್ತ ಜನ ಇದ್ರೇನೇ ಕೆಲಸ ಸಾಗೋದು ಮೇಡಂ” ಅಂತ ಜೋರಾಗಿ ಶುರು ಮಾಡಿದೆ.

“ಹೌದಾ? ಇದು ಮನೆಯಲ್ಲಿ ಒಬ್ರೇ ಕೂತು ಮಾಡೋ ಕೆಲಸ ಸರ್. ಒಬ್ಬನೇ ಇದ್ರೆ ಚೆನ್ನಾಗಿ ಕೆಲಸ ಮಾಡ್ತೀನಿ ಅಂತ ಬರೆದಿದ್ರಲ್ಲ?”

“ಅದೂ ನಿಜಾನೇ ಮೇಡಂ.”

ಆ ಕಡೆ ಕೀಬೋರ್ಡಿನ ಟಕಟಕ. ನನ್ನ ಏಕಾಂತ ಅಳಿಸುತ್ತಿದ್ದರೋ ಏನೋ.

“ಆಯ್ತು ಸರ್. ಸಂಬಳ ಎಷ್ಟು ನಿರೀಕ್ಷೆ ಮಾಡ್ತೀರಾ?”

ಅದೊಂದನ್ನು ಮಾತ್ರ ಯಾವ ಫೈಲಿನಲ್ಲೂ ತಿದ್ದಿರಲಿಲ್ಲ. ತಡವರಿಸದೆ ಹೇಳಿದೆ. ಈ ಸಲ ಕೆಮ್ಮಿದ್ದು ಅವರು.