ಮೂಗಿನ ಮುನಿಸಿಗೆ ಜಿಂಕ್ ಮಾತ್ರೆಯೇ ಮದ್ದೇ?

"ವಾಸನೆ ಗೊತ್ತಾಗುತ್ತಿಲ್ಲವೇ? ದೇಹದಲ್ಲಿ ಸತು ಕಡಿಮೆಯಾಗಿದೆ. ದಿನಕ್ಕೆರಡು ಜಿಂಕ್ ಮಾತ್ರೆ ನುಂಗಿ, ವಾರದಲ್ಲಿ ಸರಿಹೋಗುತ್ತದೆ." ಬಳ್ಳಾರಿಯ ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಈ ಸಂದೇಶ ಮೂರನೆಯ ಸಲ ಬಂದಿದೆ.

ಇದರಲ್ಲಿ ಎಳ್ಳಷ್ಟು ನಿಜವಿದೆ. ಸತುವಿನ ತೀವ್ರ ಕೊರತೆ ರುಚಿ, ವಾಸನೆ ಎರಡನ್ನೂ ಮಂಕಾಗಿಸಬಲ್ಲದು. ಆದರೆ ಸಾಮಾನ್ಯ ಕಾರಣಗಳು ಬೇರೆ: ನೆಗಡಿ, ಕೋವಿಡ್, ಸೈನಸ್ ತೊಂದರೆ, ಮೂಗಿನೊಳಗೆ ಬೆಳೆದ ದುರ್ಮಾಂಸ, ತಲೆಗೆ ಬಿದ್ದ ಪೆಟ್ಟು, ವಯಸ್ಸು. 1976ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸತು, ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ವಿಚಿತ್ರವೆಂದರೆ, ಮೂಗಿಗೆ ಹಚ್ಚುವ ಸತುವಿನ ಜೆಲ್‌ನಿಂದಲೇ ವಾಸನೆ ಹೋಯಿತೆಂಬ ದೂರುಗಳು ಬಂದು, 2009ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಅದನ್ನು ಬಳಸಬೇಡಿ ಎಂದರು! ಮಾತ್ರೆಯೂ ನಿರುಪದ್ರವಿಯಲ್ಲ, ವಯಸ್ಕರು ದಿನಕ್ಕೆ 40 ಮಿಲಿಗ್ರಾಂ ಮೀರಿ ಬಹುಕಾಲ ನುಂಗಿದರೆ ತಾಮ್ರದ ಕೊರತೆ ಉಂಟಾಗಬಹುದು.

ನಮ್ಮ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿಯಲ್ಲಿಯೂ ಸತು ಇದೆ. ಒಗ್ಗರಣೆಯ ಘಮ ಎರಡು ವಾರವಾದರೂ ಮರಳದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಕಾಣಿ. ಲವಂಗ, ನಿಂಬೆ, ಗುಲಾಬಿ, ನೀಲಗಿರಿಗಳನ್ನು ದಿನಕ್ಕೆರಡು ಬಾರಿ, ತಿಂಗಳುಗಟ್ಟಲೆ ಮೂಸುವ ಅಭ್ಯಾಸವನ್ನು ಅವರೇ ಹೇಳಿಕೊಡಬಹುದು. ವಾಸನೆ ಮರಳುವವರೆಗೆ ಗ್ಯಾಸ್ ಸೋರಿದರೂ ನಿಮಗೆ ತಿಳಿಯದು. ಮಲಗುವ ಮುನ್ನ ರೆಗ್ಯುಲೇಟರ್ ಬಂದ್ ಮಾಡಿ.