ಹೆಸರು ಬರೆಯದ ಮೂಟೆ

ಕೊರೊನಾ ಕಾಲದಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ದಿನಕ್ಕೆ ನಾಲ್ಕು ಸಲವಾದರೂ ಬೈಬಲಿನ 91ನೇ ಕೀರ್ತನೆ ಬಂದು ಬೀಳುತ್ತಿತ್ತು. ಅಮ್ಮ ಅದನ್ನು ಮೊಮ್ಮಗಳ ಕೈಯಲ್ಲಿ ಬರೆಸಿ ಬಾಗಿಲ ಮೇಲೆ ಅಂಟಿಸಿದ್ದರು. ನನ್ನ ಜೀಪಿನ ಗಾಜಿನ ಮೇಲೂ ಅದರದೇ ಒಂದು ಸಾಲಿನ ಸ್ಟಿಕ್ಕರ್ ಇದೆ, ದೇವದೂತರು ಕಾಯುತ್ತಾರೆ ಅನ್ನುವ ಸಾಲು. ಮಳೆಗಾಲದಲ್ಲಿ ನಮ್ಮ ರಸ್ತೆಗಳನ್ನು ನೋಡಿದವರಿಗೆ ಆ ಸ್ಟಿಕ್ಕರ್ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ಯೇಸುವಿನ ಕತೆ ಹೇಳುವ ಶುಭಸಂದೇಶದಲ್ಲಿ ಆ ಸಾಲನ್ನು ಬಾಯಿಪಾಠ ಒಪ್ಪಿಸಿದವನು ಒಬ್ಬನೇ. ಸೈತಾನ.

ಇದು ನನಗೆ ಮೊದಲೇ ಗೊತ್ತಿರಲಿಲ್ಲ ಅಂತಲ್ಲ. ಪ್ರತಿ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲನೇ ಭಾನುವಾರ ಯೇಸುವಿನ ಶೋಧನೆಯ ಪಾಠವೇ ಇರುತ್ತದೆ, ಅರಣ್ಯದಲ್ಲಿ ಹಸಿದಿದ್ದ ಅವರಿಗೆ ಸೈತಾನ ಆಸೆ ತೋರಿಸಿ ಪರೀಕ್ಷಿಸಿದ ಪಾಠ. ಒಂದು ವರ್ಷ ಮತ್ತಾಯ ಬರೆದದ್ದು, ಇನ್ನೊಂದು ವರ್ಷ ಮಾರ್ಕ, ಮತ್ತೊಂದು ವರ್ಷ ಲೂಕ. ನಲವತ್ತೈದು ವರ್ಷದಿಂದ ಕೇಳಿಸಿಕೊಂಡಿದ್ದೇನೆ. ಕೇಳಿಸಿಕೊಳ್ಳುವುದಕ್ಕೂ ಕಿವಿಗೆ ಬೀಳುವುದಕ್ಕೂ ವ್ಯತ್ಯಾಸ ಇದೆಯಲ್ಲ.

2025ರ ಮಾರ್ಚ್ 9. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ. ಆ ವರ್ಷ ಲೂಕನ ಸರದಿ. ಶುಭಸಂದೇಶಕ್ಕೆ ಮೊದಲು ಹಾಡಿದ್ದು ಇದೇ 91ನೇ ಕೀರ್ತನೆ. ದೂತರು ಕೈಗಳಲ್ಲಿ ಎತ್ತಿಕೊಳ್ಳುವ ಸಾಲು, ಅದರ ಬೆನ್ನಿಗೇ ಸಿಂಹವನ್ನೂ ಸರ್ಪವನ್ನೂ ತುಳಿದು ನಡೆಯುವ ಸಾಲು, ಎರಡನ್ನೂ ಹಾಡಿದೆವು. ಹತ್ತು ನಿಮಿಷ ಕಳೆದಿರಲಿಲ್ಲ, ಫಾದರ್ ಓದುತ್ತಿದ್ದ ಪಾಠದಲ್ಲಿ ಸೈತಾನ ಯೇಸುವನ್ನು ದೇವಾಲಯದ ಶಿಖರಕ್ಕೆ ಕರೆದುಕೊಂಡು ಹೋಗಿ ಅದೇ ಕೀರ್ತನೆ ಹೇಳಿದ. ದೂತರ ಸಾಲಿಗೆ ನಿಲ್ಲಿಸಿದ. ಸರ್ಪವನ್ನು ತುಳಿಯುವ ಮಾತು ಬರುವುದಕ್ಕೆ ಸರಿಯಾಗಿ ಬಾಯಿ ಮುಚ್ಚಿದ! ಕಾಯುತ್ತಾರೆ ಅಂದನೇ ಹೊರತು, ನೀನು ನಡೆಯುವ ದಾರಿಗಳಲ್ಲೆಲ್ಲಾ ಕಾಯುತ್ತಾರೆ ಅನ್ನಲಿಲ್ಲ. ಶಿಖರದಿಂದ ಹಾರುವುದು ಯಾರೂ ನಡೆಯುವ ದಾರಿ ಅಲ್ಲ, ಅದಕ್ಕೆ.

ಲೂಕನಲ್ಲಿ ಇದು ಕೊನೆಯ ಶೋಧನೆ. ಮತ್ತಾಯನಲ್ಲಿ ಎರಡನೆಯದು. ನನಗೆ ಲೂಕನ ಕ್ರಮವೇ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಕಲ್ಲನ್ನು ರೊಟ್ಟಿ ಮಾಡು ಅಂದಾಗ ಯೇಸು ಧರ್ಮಗ್ರಂಥದಿಂದ ಉತ್ತರ ಕೊಟ್ಟರು. ರಾಜ್ಯಗಳನ್ನು ತೋರಿಸಿದಾಗಲೂ ಅಷ್ಟೇ. ಓಹೋ, ಇವನು ಗ್ರಂಥಕ್ಕೆ ಬಗ್ಗುವವನು ಅಂತ ಗೊತ್ತಾದ ಮೇಲೆ ಸೈತಾನ ಮೂರನೇ ಸಲ ಗ್ರಂಥವನ್ನೇ ಹಿಡಿದುಕೊಂಡು ಬಂದ. ಅಂದರೆ ದೇವರ ವಾಕ್ಯ ಬಾಯಲ್ಲಿದ್ದರೆ ಶೋಧನೆ ಓಡಿಹೋಗುತ್ತದೆ ಅಂತಲ್ಲ. ಅದು ವಾಕ್ಯ ಹೇಳಿಕೊಂಡೇ ಬರುತ್ತದೆ.

ನನ್ನ ಹತ್ತಿರವೂ ಹಾಗೇ ಬಂದಿತ್ತು.

ಅಮ್ಮತ್ತಿ ಕಡೆ ನನ್ನದೊಂದು ಸಣ್ಣ ಗೋಡೌನ್. ಎರಡು ಎಕರೆ, ಮೂರು ಎಕರೆ ತೋಟದವರಿಂದ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಕೊಂಡು ದೊಡ್ಡ ವ್ಯಾಪಾರಿಗಳಿಗೆ ಕೊಡುತ್ತೇನೆ. ಯಾರೇ ಕಾಫಿ ತಂದರೂ ಮೊದಲು ಒಂದು ಕೆಜಿಯಷ್ಟು ಸ್ಯಾಂಪಲ್ ತೆಗೆಯುತ್ತೇವೆ. ತೇವಾಂಶ ನೋಡಬೇಕು, ಸ್ವಲ್ಪ ಸಿಪ್ಪೆ ಬಿಡಿಸಿ ಓಟಿ ನೋಡಬೇಕು. (ಹೊರಗಿನವರಿಗೆ: 50 ಕೆಜಿ ಚೆರ್ರಿಯಲ್ಲಿ ಎಷ್ಟು ಕೆಜಿ ಬೇಳೆ ಸಿಗುತ್ತದೆ ಅನ್ನುವುದೇ ಓಟಿ. ರೇಟು ನಿಲ್ಲುವುದು ಅದರ ಮೇಲೆ.) ನೋಡಿ ಮುಗಿದ ಮೇಲೆ ಮಿಕ್ಕಿದ್ದು ಮೂಲೆಯ ಒಂದು ಮೂಟೆಗೆ ಹೋಗುತ್ತಿತ್ತು. ತಂದವರು ಕೇಳುತ್ತಿರಲಿಲ್ಲ, ನಾನು ಕೊಡುತ್ತಿರಲಿಲ್ಲ. ಒಬ್ಬೊಬ್ಬರದು ಅರ್ಧ ಕೆಜಿ, ಮುಕ್ಕಾಲು ಕೆಜಿ. ಸೀಸನ್ ಮುಗಿಯುವಾಗ ಮೂರು ಮೂಟೆ. ಮೂಟೆಗೆ ಹತ್ತು ಸಾವಿರ ದಾಟಿದ ವರ್ಷ ಅದು, ಲೆಕ್ಕ ನೀವೇ ಹಾಕಿಕೊಳ್ಳಿ.

ನಮ್ಮಲ್ಲಿ ತಪಸ್ಸುಕಾಲ ಬರುವುದೂ ಸರಿಯಾಗಿ ಈ ಹೊತ್ತಿಗೇ. ಕಾಫಿ ಕಣದಿಂದ ಎದ್ದಿರುತ್ತದೆ, ಮೆಣಸು ಕೊಯ್ಯುತ್ತಿರುತ್ತಾರೆ, ಕಾಫಿ ಹೂ ಬಿಡಿಸುವ ಹೂಮಳೆಗೆ ಎಲ್ಲರೂ ಆಕಾಶ ನೋಡುತ್ತಿರುತ್ತಾರೆ. ವರ್ಷವಿಡೀ ಖಾಲಿ ಇದ್ದ ಕೈಗೆ ದುಡ್ಡು ಬರುವುದು ಆಗ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ನೇರ ಗೋಡೌನಿಗೆ ಬಂದು ತಕ್ಕಡಿ ಮುಂದೆ ಕೂತಿದ್ದೇನೆ. ಮೀನು ಮಾಂಸ ಬಿಟ್ಟಿದ್ದೆ. ಸ್ಯಾಂಪಲ್ ಬಿಟ್ಟಿರಲಿಲ್ಲ.

ಒಂದು ದಿನ ಹೆಂಡತಿ ಗೋಡೌನಿಗೆ ಬಂದವಳು ಕೇಳಿದಳು, "ರೀ, ಎಲ್ಲಾ ಮೂಟೆಗೂ ಹೆಸರು ಬರೆದಿದ್ದೀರಿ, ಇದಕ್ಯಾಕೆ ಇಲ್ಲ? ಇದು ಯಾರ್ದು?"

"ಅದು ಸ್ಯಾಂಪಲ್ದು" ಅಂದೆ.

"ಸ್ಯಾಂಪಲ್ ಯಾರ್ದು?"

ಉತ್ತರ ಕೊಡಲಿಲ್ಲ. ಆದರೆ ಮನಸ್ಸಿನಲ್ಲಿ ಉತ್ತರ ಸಿದ್ಧ ಇತ್ತು, ಅದೂ ಬೈಬಲಿನದೇ. ಲೂಕ 16ರಲ್ಲಿ ಒಬ್ಬ ಮೋಸಗಾರ ಮೇಸ್ತ್ರಿ ಬರುತ್ತಾನೆ, ಸಾಲಗಾರರ ಪತ್ರ ತಿದ್ದಿಸುವವನು. ಕೊನೆಗೆ ಯಜಮಾನ ಅವನ ಜಾಣತನವನ್ನು ಹೊಗಳುತ್ತಾನೆ. ಎಂಟನೇ ವಚನ. ವ್ಯಾಪಾರದವರ ನಡುವೆ ಇದನ್ನು ನಗುತ್ತಾ ಹೇಳುವುದು ನನಗೆ ಅಭ್ಯಾಸವೇ ಆಗಿತ್ತು, "ಯೇಸುಸ್ವಾಮಿಗೇ ಗೊತ್ತು, ವ್ಯಾಪಾರದಲ್ಲಿ ಸ್ವಲ್ಪ ಜಾಣತನ ಬೇಕು" ಅಂತ. ಎರಡೇ ವಚನ ಮುಂದೆ, ಹತ್ತನೆಯದರಲ್ಲಿ, ತೀರಾ ಸಣ್ಣದರಲ್ಲಿ ಮೋಸ ಮಾಡುವವನು ದೊಡ್ಡದರಲ್ಲೂ ಮೋಸ ಮಾಡುತ್ತಾನೆ ಅಂತಿದೆ. ಅಲ್ಲಿಗೆ ಬರುವ ಮೊದಲೇ ನಾನು ಬಾಯಿ ಮುಚ್ಚುತ್ತಿದ್ದೆ. ಎಲ್ಲಿ ನಿಲ್ಲಿಸಬೇಕು ಅನ್ನುವ ಈ ವಿದ್ಯೆ ನನಗೆ ಯಾರಿಂದ ಬಂತು ಅನ್ನುವುದು ಆ ಮಾರ್ಚ್ 9ರಂದು ಬೆಂಚಿನ ಮೇಲೆ ಕೂತಾಗ ತಿಳಿಯಿತು.

ಅವತ್ತಿನ ಮೊದಲನೇ ಪಾಠ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 26. ಹೊಸ ಬೆಳೆಯ ಬುಟ್ಟಿಯನ್ನು ದೇವರ ಮುಂದಿಟ್ಟು, ನನ್ನ ಪಿತೃ ಅಲೆದಾಡುತ್ತಿದ್ದ ಅರಾಮ್ಯ, ನಾವು ಪರದೇಶದಲ್ಲಿ ಇದ್ದವರು ಅಂತ ಹೇಳಬೇಕು. ನನಗೆ ಈ ಪಾಠ ಮೊದಲಿಂದಲೂ ಇಷ್ಟ. ಹೊಸ ಬೆಳೆಯ ಹಬ್ಬ ಹುತ್ತರಿಯ ರಾತ್ರಿ ಪಕ್ಕದ ಕೊಡವ ಮನೆಯವರು ಗದ್ದೆಯಿಂದ ಕದಿರು ತರುವುದನ್ನು ನೋಡುತ್ತಾ ಬೆಳೆದವನು ನಾನು. ಇನ್ನು ಅಲೆದಾಡಿದವರು ಅಂದರೆ, ಟಿಪ್ಪು ಕಾಲದಲ್ಲಿ ದಿಕ್ಕೆಟ್ಟು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರಲ್ಲಿ ಜಾಗ ಕೊಟ್ಟದ್ದರಿಂದಲೇ ವಿರಾಜಪೇಟೆಯಲ್ಲಿ ಆ ದೇವಾಲಯ ಇರುವುದು. ಮನೆಗೆ ಬಂದು ಆ ಪಾಠವನ್ನು ಮತ್ತೊಮ್ಮೆ ಓದೋಣ ಅಂತ ಅಮ್ಮನ ಬೈಬಲ್ ತೆರೆದೆ. 26ನೇ ಅಧ್ಯಾಯ ಶುರುವಾಗುವುದಕ್ಕೆ ಸ್ವಲ್ಪ ಮೇಲೆ, 25ರ ಕೊನೆಯಲ್ಲಿ, ಕಣ್ಣಿಗೆ ಬಿತ್ತು: ನಿನ್ನ ಚೀಲದಲ್ಲಿ ಹೆಚ್ಚು ಕಡಿಮೆಯ ಎರಡು ತೂಕದ ಕಲ್ಲುಗಳು ಇರಬಾರದು.

ಫೋನಿನಲ್ಲಿ ವಚನ ಹುಡುಕಿದ್ದರೆ ಇದು ಸಿಗುತ್ತಿರಲಿಲ್ಲ. ಬೇಕಾದದ್ದನ್ನು ಮಾತ್ರ ಅದು ಕೊಡುತ್ತದೆ.

ಸೈತಾನನಿಗೆ ಯೇಸು ಕೊಟ್ಟ ಮೂರು ಉತ್ತರಗಳೂ ಇದೇ ಧರ್ಮೋಪದೇಶಕಾಂಡದವು. ಒಂದು 8ನೇ ಅಧ್ಯಾಯದ್ದು, ಎರಡು 6ನೇ ಅಧ್ಯಾಯದವು. ಇಸ್ರಯೇಲರು ನಲವತ್ತು ವರ್ಷ ಅರಣ್ಯದಲ್ಲಿ ಹಸಿದು, ಗೊಣಗಿ, ಮಸ್ಸ ಅನ್ನುವ ಜಾಗದಲ್ಲಿ ನೀರಿಗಾಗಿ ದೇವರನ್ನೇ ಪರೀಕ್ಷಿಸಿದ ಕತೆಯ ಸುತ್ತ ಬರುವ ಮಾತುಗಳು. ನಲವತ್ತು ದಿನ ಹಸಿದ ಯೇಸು ಅವೇ ಪುಟಗಳಿಂದ ಮಾತಾಡಿದರು. ತನಗೆ ಲಾಭ ತರುವ ಒಂದು ವಚನವನ್ನೂ ಅವರು ಹೇಳಲಿಲ್ಲ ನೋಡಿ. ಮೂರೂ ಅವರ ಕೈಯನ್ನೇ ಕಟ್ಟುವವು: ರೊಟ್ಟಿ ಮಾಡಿಕೊಳ್ಳಬೇಡ, ಅಡ್ಡಬೀಳಬೇಡ, ಹಾರಬೇಡ. ಸೈತಾನ ಹೇಳಿದ ವಚನ ಮಾತ್ರ ಅವರಿಗೆ ಅನುಕೂಲದ್ದು. ಅಲ್ಲಿಂದ ಈಚೆಗೆ, ಯಾವುದಾದರೂ ವಚನ ನನ್ನ ಪರವಾಗಿ ಸಲೀಸಾಗಿ ನೆನಪಿಗೆ ಬಂದರೆ ನನಗೆ ಅನುಮಾನ.

ಸೈತಾನನ ಜೊತೆ ಮಾತುಕತೆಗೆ ಕೂರಬೇಡಿ ಅಂತ ಪೋಪ್ ಫ್ರಾನ್ಸಿಸ್ ಎಷ್ಟೋ ಸಲ ಹೇಳಿದ್ದರು. ಯೇಸು ವಾದ ಮಾಡಲಿಲ್ಲ, ಬರೆದಿರುವುದನ್ನು ಹೇಳಿದರು ಅಷ್ಟೇ. ಏದೆನ್ ತೋಟದಲ್ಲಿ ಹವ್ವ ಸರ್ಪದ ಜೊತೆ ಮಾತಿಗೆ ನಿಂತಳು, ಬೇಡವೆಂದ ಹಣ್ಣಿನ ಬಗ್ಗೆ ದೇವರು ಹೇಳದ "ಮುಟ್ಟಲೂ ಬಾರದು" ಅನ್ನುವುದನ್ನು ತಾನೇ ಸೇರಿಸಿದಳು. ನಾನು ಸೇರಿಸುವವನಲ್ಲ, ಕತ್ತರಿಸುವವನು.

ಆ ಮೂರು ಮೂಟೆಯ ಕತೆ ಚೆನ್ನಾಗಿ ಮುಗಿಯಲಿಲ್ಲ. ಲೆಕ್ಕ ಚುಕ್ತಾ ಆಗದವರಿಗೆ ಅಂದಾಜಿನಲ್ಲಿ ಸೇರಿಸಿ ಕೊಟ್ಟೆ. ಒಬ್ಬರು ರೇಟು ಜಾಸ್ತಿ ಆಯಿತೇನೋ ಅಂತ ಸಂಶಯಪಟ್ಟು ಪಕ್ಕದ ಗೋಡೌನಿನಲ್ಲಿ ವಿಚಾರಿಸಿ ಬಂದರು! ಉಳಿದವರದು ಯಾರದೆಷ್ಟು ಅಂತ ಗೊತ್ತಾಗಲಿಲ್ಲ. ಲೂಕನಲ್ಲೇ ಬರುವ ಸುಂಕದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದಿದ್ದ. ನನ್ನ ಕೈಯಲ್ಲಿ ಒಂದರಷ್ಟೂ ಪೂರ್ತಿ ಆಗಲಿಲ್ಲ. ಹಳೆಯ ಲೆಕ್ಕದ ಪುಸ್ತಕ ಮೇಜಿನ ಡ್ರಾಯರಿನಲ್ಲಿದೆ.

ಲೂಕ ಆ ಪಾಠವನ್ನು ಮುಗಿಸುವಾಗ ಸೈತಾನ ಸೋತು ಓಡಿದ ಅನ್ನುವುದಿಲ್ಲ. ಸರಿಯಾದ ಸಮಯ ಬರುವ ತನಕ ಬಿಟ್ಟುಹೋದ ಅನ್ನುತ್ತಾನೆ.

ಈ ಸೀಸನ್ನಿನಲ್ಲಿ ಸ್ಯಾಂಪಲ್ ನೋಡಿದ ಮೇಲೆ ಮಿಕ್ಕಿದ್ದನ್ನು ಅವರ ಮೂಟೆಗೇ ಸುರಿದು ಆಮೇಲೆ ತೂಕಕ್ಕೆ ಹಾಕುತ್ತಿದ್ದೇನೆ. ಮೊನ್ನೆ ಒಬ್ಬ ಹುಡುಗ ನಾಲ್ಕು ಮೂಟೆ ತಂದಿದ್ದ. ನಾನು ಬೋಗುಣಿ ಎತ್ತಿಕೊಂಡು ಹೋಗುವುದನ್ನು ನೋಡಿ ಅವನೇ ಅಂದ, "ಅದಿರ್ಲಿ ಬಿಡಿ ಅಣ್ಣ, ಎಲ್ಲಾ ಕಡೆ ಬಿಟ್ಟೇ ಬರೋದಲ್ವಾ."

ಕೈ ನಿಂತಿತು. ಕೊಡುವವನೇ ಬಿಡು ಅನ್ನುತ್ತಿದ್ದಾನಲ್ಲ ಅಂತ ಒಂದು ಲೆಕ್ಕ ಆಗಲೇ ಶುರುವಾಗಿತ್ತು.

"ಮೂಟೆ ಬಾಯಿ ಹಿಡಿ" ಅಂದೆ. ಹಿಡಿದ. ಸುರಿದೆ.